ಪಕ್ಷಗಳು ಸಾಕಾಗಿವೆ, ಓಟನ್ನೂ ಬಿಟ್ಟುಬಿಡಲೇ?

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಊರು. ಇಷ್ಟು ವರ್ಷ ಒಂದು ಓಟೂ ತಪ್ಪಿಸಿದವನಲ್ಲ. ಒಮ್ಮೆ ಆ ಪಕ್ಷ, ಒಮ್ಮೆ ಈ ಪಕ್ಷ ಅಂತ ಹಾಕಿದ್ದೇನೆ. ಈಗ ಎರಡೂ ಸಾಕಾಗಿವೆ. ಒಬ್ಬರು ಬಾಯಿ ತೆಗೆದರೆ ಧರ್ಮ, ಇನ್ನೊಬ್ಬರು ಬಾಯಿ ತೆಗೆದರೆ ಜಾತಿ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳವಾಗಿ ಶಿರಸಿಯ ಭಾವ ಮಾತು ಬಿಟ್ಟಿದ್ದಾರೆ. ಮುಂದಿನ ಸಲ ನೋಟಾ ಒತ್ತುವುದೋ, ಮತಗಟ್ಟೆಗೇ ಹೋಗದಿರುವುದೋ ಎಂದು ಯೋಚಿಸುತ್ತಿದ್ದೇನೆ. ಮಗಳಿಗೆ 18 ತುಂಬುತ್ತಾ ಬಂತು. ಅವಳಿಗೂ "ಹೆಸರು ಸೇರಿಸೋದೇ ಬೇಡ ಬಿಡು" ಅಂದಿದ್ದೇನೆ. ನಾನು ಮಾಡುತ್ತಿರುವುದು ಸರಿಯೇ?

ಉತ್ತರ:

ನಿಮ್ಮ ಬೇಸರ ಸುಮ್ನೆ ಬಂದದ್ದಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಸಿಟ್ಟು ಕಲೆತುಹೋಗಿವೆ. ಒಂದು ಪಕ್ಷಗಳ ಮೇಲಿನದು, ಇನ್ನೊಂದು ಮತಗಟ್ಟೆಯ ಮೇಲಿನದು. ಮೊದಲನೆಯದನ್ನು ಇಟ್ಟುಕೊಳ್ಳಿ, ಎರಡನೆಯದನ್ನು ಬಿಡಿ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. "ಒಮ್ಮೆ ಆ ಪಕ್ಷ, ಒಮ್ಮೆ ಈ ಪಕ್ಷ" ಎಂಬುದನ್ನು ನೀವು ತುಸು ಸಂಕೋಚದಲ್ಲಿ ಬರೆದ ಹಾಗಿದೆ. ನನಗೆ ನಿಮ್ಮ ಪತ್ರದಲ್ಲಿ ಹಿಡಿಸಿದ ಸಾಲೇ ಅದು. ಪಕ್ಷಗಳು ಲೆಕ್ಕ ಹಾಕುತ್ತಾ ನಿದ್ದೆಗೆಡುವುದು ನಿಮ್ಮಂಥವರ ಬಗ್ಗೆ.

ಇವರು ಯಾಕೆ ಇಷ್ಟು ಜೋರು ಬಾಯಿ ಮಾಡುತ್ತಾರೆ ಎನ್ನುವುದನ್ನು ಮೊದಲು ನೋಡೋಣ. ಅಭ್ಯರ್ಥಿ ಮೈಕ್ ಹಿಡಿದಾಗ ನಮ್ಮ ಜೊತೆ ಮಾತಾಡುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅವರು ಮಾತಾಡುವುದು ಟಿಕೆಟ್ ಕೊಡುವವರ ಜೊತೆ, ಬೂತ್‌ನಲ್ಲಿ ದುಡಿಯುವ ಕಾರ್ಯಕರ್ತರ ಜೊತೆ. ನಮ್ಮಲ್ಲಿ ಟಿಕೆಟ್ ತೀರ್ಮಾನ ಮಾಡುವುದು ಹೈಕಮಾಂಡ್. ಊರಿನ ಸಾಮಾನ್ಯ ಸದಸ್ಯನಿಗೂ ಅದರಲ್ಲಿ ಪಾಲಿಲ್ಲ, ಮತದಾರನ ಮಾತಂತೂ ದೂರ ಉಳಿಯಿತು. ಇನ್ನು ಏಪ್ರಿಲ್-ಮೇ ಬಿಸಿಲಲ್ಲಿ ಮನೆಮನೆ ತಿರುಗುವ ಕಾರ್ಯಕರ್ತ. ಹೆಚ್ಚಿನವರಿಗೆ ಸಂಬಳ ಇಲ್ಲ. ರಸ್ತೆ, ನೀರಿನ ಮಾತಿಗೆ ಅವನು ಅಷ್ಟು ಬೇಗ ಎದ್ದು ಹೊರಡುವುದಿಲ್ಲ. ಎದುರಿನವರು ಬಂದರೆ ನಮ್ಮ ಬದುಕೇ ಹೋಯಿತು ಎಂದರೆ ಹೊರಡುತ್ತಾನೆ. ಬಾಯಿಮಾತಿಗೆ ಖರ್ಚೂ ಇಲ್ಲ. ಆಸ್ಪತ್ರೆ ಕಟ್ಟಲು ದುಡ್ಡು, ಜಾಗ, ವೈದ್ಯರು, ವರ್ಷಗಟ್ಟಲೆ ಸಮಯ ಎಲ್ಲ ಬೇಕು. ಬೆಂಕಿಯಂಥ ಭಾಷಣಕ್ಕೆ ಒಂದು ಸಂಜೆ ಸಾಕು.

ಕ್ಷೇತ್ರ ಒಂದೇ ಪಕ್ಷಕ್ಕೆ ಭದ್ರವಾಗಿದ್ದರೆ ಇದು ಇನ್ನೂ ಜಾಸ್ತಿ. ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರವನ್ನೇ ನೋಡಿ. ಬಿಜೆಪಿಯ ಅನಂತಕುಮಾರ ಹೆಗಡೆ 2017ರ ಡಿಸೆಂಬರ್‌ನಲ್ಲಿ, ಕೇಂದ್ರ ಸಚಿವರಾಗಿದ್ದಾಗ, ಸಂವಿಧಾನ ಬದಲಿಸುವ ಮಾತಾಡಿ ಲೋಕಸಭೆಯಲ್ಲಿ ಕ್ಷಮೆ ಕೇಳಬೇಕಾಯಿತು. 2019ರಲ್ಲಿ ಅವರು ಗೆದ್ದ ಅಂತರ 4.79 ಲಕ್ಷ. ಅಂಥ ಅಂತರ ಇರುವಲ್ಲಿ ನಿಜವಾದ ಸ್ಪರ್ಧೆ ಟಿಕೆಟ್‌ಗೇ ಮುಗಿದಿರುತ್ತದೆ. ನಾಲಿಗೆ ಹಿಡಿದು ಮಾತಾಡಲು ಕಾರಣವೇ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಸಂವಿಧಾನದ ಬಗ್ಗೆ ಮತ್ತೆ ಅದೇ ಧಾಟಿಯ ಮಾತು ಬಂತು. ಪಕ್ಷ ಅದು ಅವರ ವೈಯಕ್ತಿಕ ಅಭಿಪ್ರಾಯ ಎಂದಿತು. ಆ ಸಲ ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ ಹೋಯಿತು. ಅವರೂ 3.37 ಲಕ್ಷ ಅಂತರದಲ್ಲಿ ಗೆದ್ದರು.

ಕಾಂಗ್ರೆಸ್‌ನವರು ಇದನ್ನು ಓದಿ ಖುಷಿಪಡಬೇಕಿಲ್ಲ. ಇದೇ ಕ್ಷೇತ್ರ 1980ರಿಂದ ಸತತ ನಾಲ್ಕು ಚುನಾವಣೆಗಳಲ್ಲಿ ಅವರ ಪಕ್ಷದ ದೇವರಾಯ ನಾಯ್ಕರನ್ನು ಗೆಲ್ಲಿಸಿತ್ತು. ಆಗ ಭದ್ರಕೋಟೆ ಅವರದಾಗಿತ್ತು. ಇನ್ನು ಬೇಲೇಕೇರಿ ಬಂದರಿನಿಂದ ಜಪ್ತಾದ ಅದಿರು ಮಾಯವಾದ ಪ್ರಕರಣ ನಿಮಗೆ ಗೊತ್ತೇ ಇದೆ. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಕಾರವಾರದ ಕಾಂಗ್ರೆಸ್ ಶಾಸಕರಿಗೆ ಜೈಲು ಶಿಕ್ಷೆ ವಿಧಿಸಿತು. ಮುಂದೆ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ತೀರ್ಪಿನ ಒಳಗೆ ಏನಿದೆ ಎಂದು ಓದದೆಯೇ ಒಂದು ಕಡೆಯವರು "ರಾಜಕೀಯ ದ್ವೇಷ" ಎನ್ನುವುದು, ಇನ್ನೊಂದು ಕಡೆಯವರು ಪಟಾಕಿ ಹೊಡೆಯುವುದು. ಎರಡೂ ಒಂದೇ ಕಾಯಿಲೆ. "ನಮ್ಮವರು" ಎಂಬ ಭಾವನೆ ತಲೆಗೇರಿದರೆ ಕಣ್ಣು ಕಾಗದ ಓದುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸಮೀಕ್ಷೆ ಮಾಡುವವರು ಒಂದು ಪ್ರಶ್ನೆ ಕೇಳಿದ್ದರು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ? 1960ರಲ್ಲಿ ಹೌದು ಎಂದವರು ನೂರಕ್ಕೆ ಸುಮಾರು ಐದು ಮಂದಿ. 2010ರಲ್ಲಿ ರಿಪಬ್ಲಿಕನ್ ಪಕ್ಷದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಡೆಮಾಕ್ರಟಿಕ್ ಪಕ್ಷದವರಲ್ಲಿ ಮೂವರಲ್ಲಿ ಒಬ್ಬರು. ತೆರಿಗೆ, ಯುದ್ಧ, ವಿಮೆಯಂಥ ವಿಷಯಗಳ ಮೇಲಿನ ಭಿನ್ನಾಭಿಪ್ರಾಯಕ್ಕಿಂತ ಎದುರಿನವರ ಮೇಲಿನ ಅಸಹ್ಯವೇ ವೇಗವಾಗಿ ಬೆಳೆದಿತ್ತು. ಅಲ್ಲಿ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೇ ಪ್ರೈಮರಿ ಎಂಬ ಚುನಾವಣೆ ನಡೆಯುತ್ತದೆ. ಆದರೆ ಅದಕ್ಕೆ ಬರುವ ಜನ ಕಡಿಮೆ. ಬರುವವರಲ್ಲಿ ಕಟ್ಟಾ ಪಕ್ಷದವರೇ ಜಾಸ್ತಿ. ಬೇಸತ್ತವರು ಮನೆಯಲ್ಲಿ ಉಳಿದಷ್ಟೂ ಕಟ್ಟಾ ಜನರ ಕೈ ಮೇಲಾಯಿತು. ನೀವು ಮಾಡಹೊರಟಿರುವುದೂ ಅದೇ, ಅಲ್ವಾ?

ಈ ಕಾವಿಗೆ ಬೆಲೆ ಕೊಟ್ಟವರು ಯಾರು ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಅದು ಕೊಲೆ ಎಂಬ ಮಾತು ಹಬ್ಬಿತು. ಹೊನ್ನಾವರ, ಕುಮಟಾ, ಶಿರಸಿಯಲ್ಲಿ ಗಲಾಟೆ. ನಿಮ್ಮ ಕುಮಟಾದಲ್ಲೇ ಪೊಲೀಸ್ ಅಧಿಕಾರಿಯ ಕಾರಿಗೆ ಬೆಂಕಿ ಬಿತ್ತು. ಎಷ್ಟೋ ಹುಡುಗರ ಮೇಲೆ ಕೇಸು ದಾಖಲಾಯಿತು. ತನಿಖೆ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಇದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಷ್ಟರಲ್ಲಿ ಒಂದು ವಿಧಾನಸಭೆ ಚುನಾವಣೆ, ಒಂದು ಲೋಕಸಭೆ ಚುನಾವಣೆ ಮುಗಿದುಹೋಗಿತ್ತು. ಭಾಷಣ ಮಾಡಿದವರು ಭಾಷಣ ಮಾಡಿ ಹೋದರು. ಕೋರ್ಟಿನ ತಾರೀಕು ಹಿಡಿದು ಅಲೆದವರು ಊರಿನ ಹುಡುಗರು. ಮಗನನ್ನು ಕಳೆದುಕೊಂಡ ಮನೆಯವರ ದುಃಖವನ್ನು ಐದು ವರ್ಷ ಎರಡೂ ಕಡೆಯವರು ವೇದಿಕೆಯ ಮೇಲೆ ಎಳೆದಾಡಿದರು.

ಇದರ ಪಕ್ಕದಲ್ಲಿ ಇನ್ನೊಂದು ವಿಷಯ ಇಟ್ಟು ನೋಡಿ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಬೇಡಿಕೆಯಲ್ಲಿ ಪಕ್ಷವೇ ಇಲ್ಲ. 2019ರಲ್ಲಿ ಜಿಲ್ಲೆಯ ಯುವಕರು ಟ್ವಿಟರ್‌ನಲ್ಲಿ ಇದಕ್ಕಾಗಿ ದೊಡ್ಡ ಅಭಿಯಾನ ಮಾಡಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆಗೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಮತ್ತೆ ಕೂಗು ಎದ್ದಿತು. ಎಲ್ಲ ಪಕ್ಷದವರೂ ಭರವಸೆ ಕೊಟ್ಟರು. ಆದರೂ ಹೃದಯಾಘಾತವಾದರೆ ಮಣಿಪಾಲವೋ, ಮಂಗಳೂರೋ, ಹುಬ್ಬಳ್ಳಿಯೋ, ಗೋವಾವೋ ಎಂದು ಲೆಕ್ಕ ಹಾಕುವುದು ನಮಗೆ ತಪ್ಪಿಲ್ಲ. ಆಸ್ಪತ್ರೆ ಅಂದಾಗ ಒಂದಾಗಿರುವ ಜಿಲ್ಲೆ ಬಾವುಟ ಕಂಡ ಕೂಡಲೇ ಎರಡಾಗುತ್ತದೆ. ಹಾಗೆ ಎರಡಾಗಿದ್ದರೆ ಆಸ್ಪತ್ರೆ ಕೊಡದವರಿಗೇ ಅನುಕೂಲ.

ನಿಮ್ಮ ಭಾವ ಜಗಳ ಮಾಡಿದ್ದು ಯಾರಿಗಾಗಿ ಎನ್ನುವುದನ್ನೂ ಸ್ವಲ್ಪ ನೋಡಿ. ಆನಂದ ಅಸ್ನೋಟಿಕರ್ 2008ರಲ್ಲಿ ಕಾರವಾರದಿಂದ ಕಾಂಗ್ರೆಸ್ ಶಾಸಕರಾದರು. ಬಿಜೆಪಿ ಸೇರಿ ಮಂತ್ರಿಯಾದರು. 2019ರಲ್ಲಿ ಜೆಡಿಎಸ್‌ನಿಂದ ಬಿಜೆಪಿ ವಿರುದ್ಧವೇ ಲೋಕಸಭೆಗೆ ನಿಂತರು. ಅದು ಕಾಂಗ್ರೆಸ್ ಜೊತೆಗಿನ ಮೈತ್ರಿಯ ಟಿಕೆಟ್. ಐದೇ ವರ್ಷದಲ್ಲಿ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಯಲ್ಲಾಪುರದ ಶಿವರಾಮ ಹೆಬ್ಬಾರ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2019ರಲ್ಲಿ ರಾಜೀನಾಮೆ, ಅನರ್ಹತೆ, ಉಪಚುನಾವಣೆ ಎಲ್ಲ ಆಗಿ ಬಿಜೆಪಿಯಿಂದ ಗೆದ್ದರು. 2023ರಲ್ಲೂ ಬಿಜೆಪಿಯಿಂದಲೇ ಗೆದ್ದರು. 2025ರ ಮೇನಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಇವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾಯಕರಿಗೆ ಪಕ್ಷ ಎಂದರೆ ದುಡಿಯುವ ಜಾಗ, ಬೇಕಾದಾಗ ಬದಲಿಸಬಹುದು. ನಮ್ಮ ಮನೆಗಳಲ್ಲಿ ಮಾತ್ರ ಅದು ಗೋತ್ರದ ಹಾಗೆ ಅಂಟಿಕೊಂಡಿದೆ.

ಪಕ್ಷಾಂತರ ನಿಷೇಧ ಕಾಯ್ದೆ ಇದೆಯಲ್ಲ ಎನ್ನಬಹುದು. ಇದೆ, 1985ರಿಂದ. ಸಂವಿಧಾನದ 10ನೇ ಅನುಸೂಚಿ. ಅದು ಪಕ್ಷಾಂತರವನ್ನು ಎಷ್ಟು ತಡೆಯಿತು ಎನ್ನುವುದು ಮೇಲಿನ ಕಥೆಯಲ್ಲೇ ಕಾಣುತ್ತದೆ. ಆದರೆ ಇನ್ನೊಂದು ಕೆಲಸ ಚೆನ್ನಾಗಿ ಮಾಡಿತು. ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಸದನದಲ್ಲಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಹಾಗಾಗಿ ನಮ್ಮ ಶಾಸಕ ಮೀನುಗಾರರ ಪರವಾಗಿಯೋ, ಅರಣ್ಯ ಅತಿಕ್ರಮಣದಾರರ ಪರವಾಗಿಯೋ ತನ್ನ ಪಕ್ಷದ ವಿರುದ್ಧ ಮತ ಹಾಕುವುದು ಕನಸಿನ ಮಾತು. ಅವರು ಊರಿನ ದನಿಯಾಗುವ ಬದಲು ಪಕ್ಷದ ದನಿಯಾಗಿ ಹೋಗುವುದಕ್ಕೆ ಈ ಕಾಯ್ದೆಯೂ ಒಂದು ಕಾರಣ. ಇದರ ಬಗ್ಗೆ ನಮ್ಮಲ್ಲಿ ಚರ್ಚೆ ತೀರಾ ಕಡಿಮೆ.

ಈಗ ನಿಮ್ಮ ಓಟಿನ ಮಾತು. ನನ್ನ ಒಂದು ಓಟಿನಿಂದ ಏನಾಗುತ್ತದೆ ಎಂದು ಜಿಲ್ಲೆಯ ಬೇರೆ ಯಾರಾದರೂ ಕೇಳಬಹುದು. ಕುಮಟಾದವರು ಕೇಳಬಾರದು. 2023ರಲ್ಲಿ ನಿಮ್ಮ ಕ್ಷೇತ್ರದಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಅವರನ್ನು ಸೋಲಿಸಿದ ಅಂತರ 700 ಓಟೂ ಇರಲಿಲ್ಲ. ಎರಡು ಮೂರು ಕೇರಿಯ ಜನ ಮನೆಯಲ್ಲಿ ಉಳಿದರೆ ಫಲಿತಾಂಶ ಬೇರೆ. ಕಾರವಾರದಲ್ಲಿ ಎರಡು ಸಾವಿರ ಚಿಲ್ಲರೆ, ಹಳಿಯಾಳದಲ್ಲಿ ಮೂರೂವರೆ ಸಾವಿರ, ಯಲ್ಲಾಪುರದಲ್ಲಿ ನಾಲ್ಕು ಸಾವಿರದ ಆಸುಪಾಸು. ದೊಡ್ಡ ಅಂತರ ಕಂಡದ್ದು ಭಟ್ಕಳ ಒಂದರಲ್ಲೇ.

ಶಿರಸಿಯದ್ದು ಇನ್ನೂ ಚೆಂದದ ಉದಾಹರಣೆ. 2023ರಲ್ಲಿ ಆಗಿನ ಸ್ಪೀಕರ್ ಕಾಗೇರಿ ಅವರು ಕಾಂಗ್ರೆಸ್‌ನ ಭೀಮಣ್ಣ ನಾಯ್ಕರಿಗೆ ಎಂಟು ಸಾವಿರ ಚಿಲ್ಲರೆ ಓಟಿನಲ್ಲಿ ಸೋತರು. ಆ ಸಲ ಜಿಲ್ಲೆಯ ಆರರಲ್ಲಿ ನಾಲ್ಕು ಕ್ಷೇತ್ರ ಕಾಂಗ್ರೆಸ್‌ಗೆ ಹೋಗಿತ್ತು. ಒಂದೇ ವರ್ಷದಲ್ಲಿ ಅದೇ ಕಾಗೇರಿ ಅವರನ್ನು ಇಲ್ಲಿಯವರೇ ಲಕ್ಷಗಟ್ಟಲೆ ಅಂತರದಲ್ಲಿ ದಿಲ್ಲಿಗೆ ಕಳಿಸಿದರು. ಲೋಕಸಭೆಗೆ ಖಾನಾಪುರ, ಕಿತ್ತೂರು ಸೇರಿಕೊಳ್ಳುತ್ತವೆ, ನಿಜ. ಅವೆರಡರಿಂದಲೇ ಇಷ್ಟು ದೊಡ್ಡ ಅಂತರ ಬರುವುದಿಲ್ಲ. ಬೆಂಗಳೂರಿಗೆ ಒಬ್ಬರು, ದಿಲ್ಲಿಗೆ ಇನ್ನೊಬ್ಬರು ಎಂದು ಬೇರೆ ಬೇರೆ ತೂಗಿ ನೋಡಿದ ಮತದಾರರು ಇಲ್ಲಿ ಸಾಕಷ್ಟು ಇದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಇವರ ಸದ್ದಿಲ್ಲ, ಅಷ್ಟೇ.

ಈ ಬುದ್ಧಿ ಹೊಸದೂ ಅಲ್ಲ. 1984ರ ಡಿಸೆಂಬರ್‌ನಲ್ಲಿ ಕರ್ನಾಟಕದ ಜನ ಲೋಕಸಭೆಯ 28ರಲ್ಲಿ 24 ಸ್ಥಾನ ಕಾಂಗ್ರೆಸ್‌ಗೆ ಕೊಟ್ಟರು. ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ಅವರ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ನಡುವೆ ಇದ್ದದ್ದು ಮೂರು ತಿಂಗಳೂ ಇಲ್ಲ. ಸೋಲಿಗೆ ನಾಚಿ ಕುರ್ಚಿ ಬಿಡುವುದು ಈಗ ಪುರಾಣದ ಕಥೆಯಂತೆ ಕೇಳುತ್ತದೆ, ಇರಲಿ. ಮತದಾರ ಸಡಿಲವಾಗಿದ್ದ ಎಂದೇ ನಾಯಕ ಅಷ್ಟು ಗಂಭೀರವಾಗಿದ್ದ ಎಂದು ನಾನು ನಂಬುತ್ತೇನೆ.

ನೋಟಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ಸೌಲಭ್ಯ ಅದು. ಅದಕ್ಕೂ ಮೊದಲು ಯಾರಿಗೂ ಓಟು ಬೇಡ ಎನ್ನುವವರು ಮತಗಟ್ಟೆಯ ಅಧಿಕಾರಿಗೆ ಹೇಳಿ ರಿಜಿಸ್ಟರಿನಲ್ಲಿ ಬರೆಸಬೇಕಿತ್ತು. ಗುಟ್ಟು ಉಳಿಯುತ್ತಿರಲಿಲ್ಲ. ಈಗ ಗುಟ್ಟು ಉಳಿಯುತ್ತದೆ, ಆದರೆ ಫಲಿತಾಂಶ ಬದಲಾಗುವುದಿಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ ನಂತರದ ಸ್ಥಾನದ ಅಭ್ಯರ್ಥಿಯೇ ಗೆಲ್ಲುತ್ತಾರೆ. ಠೇವಣಿ ಲೆಕ್ಕಕ್ಕೂ ಅದು ಬರುವುದಿಲ್ಲ. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಡೆಯ ಗಳಿಗೆಯಲ್ಲಿ ನಾಮಪತ್ರ ಹಿಂತೆಗೆದುಕೊಂಡು ಬಿಜೆಪಿ ಕಡೆ ಹೋದರು. ಅಲ್ಲಿ ನೋಟಾಗೆ 2.18 ಲಕ್ಷಕ್ಕೂ ಜಾಸ್ತಿ ಓಟು ಬಿತ್ತು. ಗೆದ್ದವರು ಹನ್ನೆರಡು ಲಕ್ಷ ದಾಟಿ ಗೆದ್ದರು. ಸಿಟ್ಟು ದಾಖಲಾಯಿತು, ಅಷ್ಟಕ್ಕೇ ನಿಂತಿತು. ಯಾವ ಅಭ್ಯರ್ಥಿಯೂ ತಡೆದುಕೊಳ್ಳುವ ಹಾಗಿಲ್ಲದಿದ್ದರೆ ಒತ್ತಿ. ಮನೆಯಲ್ಲಿ ಕೂರುವುದಕ್ಕಿಂತ ಅದು ವಾಸಿ. ಆದರೆ ಕುಮಟಾದಂಥ ಕ್ಷೇತ್ರದಲ್ಲಿ ನನಗಾದರೆ ಅದು ದುಬಾರಿ ಅನ್ನಿಸುತ್ತದೆ.

ಹಾಗಾದರೆ ಪಕ್ಷವೇ ಇಲ್ಲದ ದಾರಿ ಇಲ್ಲವೇ? ಈ ಜಿಲ್ಲೆ ಅದನ್ನೂ ನೋಡಿದೆ. ರೈತ ಹೋರಾಟದಿಂದ ಬಂದ, ಚುಟುಕಗಳ ದಿನಕರ ದೇಸಾಯಿ 1967ರಲ್ಲಿ ಇದೇ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. 2013ರಲ್ಲಿ ಕಾರವಾರ ಮತ್ತು ಭಟ್ಕಳ, ಎರಡು ಕಡೆ ಪಕ್ಷೇತರರು ಗೆದ್ದರು. ಮುಂದಿನ ಚುನಾವಣೆ ಹೊತ್ತಿಗೆ ಆ ಇಬ್ಬರೂ ಕಾಂಗ್ರೆಸ್‌ನಲ್ಲಿದ್ದರು. ಒಬ್ಬಂಟಿಯಾಗಿ ಸದನದಲ್ಲಿ ಕೆಲಸ ಮಾಡಿಸಿಕೊಳ್ಳುವುದು ಅಷ್ಟು ಕಷ್ಟ. ಪಕ್ಷೇತರರ ಮೇಲೆ ನಾನು ದೊಡ್ಡ ಆಸೆ ಇಟ್ಟುಕೊಳ್ಳುವುದಿಲ್ಲ.

ಆಸೆ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಕಾನೂನಿನ ಪ್ರಕಾರ ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಒಳಗಿಂದೊಳಗೆ "ನಮ್ಮ ಬೆಂಬಲಿತ ಅಭ್ಯರ್ಥಿ" ಎಂದು ಲೆಕ್ಕ ಇಡುತ್ತಾರೆ, ಅದು ಬೇರೆ. ಆದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ನೀರಿನ ಟ್ಯಾಂಕಿಗೆ ಬಂದ ದುಡ್ಡು ಎಲ್ಲಿ ಎಂದು ಕೇಳಲು ಯಾವ ಬಾವುಟವೂ ಬೇಕಿಲ್ಲ. ಬಿಜೆಪಿಗೆ ಹಾಕುವವರೂ ಕಾಂಗ್ರೆಸ್‌ಗೆ ಹಾಕುವವರೂ ಒಂದೇ ಅರ್ಜಿಗೆ ಸಹಿ ಮಾಡುವ ಜಾಗ ಅದು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದಾಗ ಮರ ತಬ್ಬಿಕೊಂಡವರಿಗೆ ನೀವು ಯಾವ ಪಕ್ಷ ಎಂದು ಯಾರೂ ಕೇಳಿರಲಿಕ್ಕಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಆರಿಸಿದವರ ಅವಧಿ 2021ರಲ್ಲಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಆ ಅವಧಿಯಲ್ಲಿ ಬೆಂಗಳೂರಿನಲ್ಲಿ ಎರಡೂ ಪಕ್ಷಗಳು ಅಧಿಕಾರದಲ್ಲಿದ್ದವು. ಈ ಒಂದು ವಿಷಯದಲ್ಲಿ ಅವರ ನಡುವೆ ಎಂಥ ಒಗ್ಗಟ್ಟು ನೋಡಿ.

ಮುಂದಿನ ಸಲ ಓಟು ಹಾಕುವ ಮುಂಚೆ ಅಭ್ಯರ್ಥಿಗಳ ಅಫಿಡವಿಟ್ ಓದಿ. ಆಸ್ತಿ, ಸಾಲ, ಕ್ರಿಮಿನಲ್ ಕೇಸು ಎಲ್ಲ ಅದರಲ್ಲಿ ಇರಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮನೆಗೆ ಬಂದವರಿಗೆ "ನೋಡೋಣ, ಇನ್ನೂ ತೀರ್ಮಾನ ಮಾಡಿಲ್ಲ" ಎಂದೇ ಹೇಳಿ, ಮನಸ್ಸಿನಲ್ಲಿ ತೀರ್ಮಾನ ಆಗಿದ್ದರೂ. ಆಸ್ಪತ್ರೆ ಬಗ್ಗೆ ಕೇಳಿ. ಬಂದರು ಯೋಜನೆ ವಿರೋಧಿಸಿದ ಹೊನ್ನಾವರದ ಕಾಸರಕೋಡು ಟೊಂಕದ ಮೀನುಗಾರರ ಬಗ್ಗೆ ಕೇಳಿ. ಭಾವನ ಕಡೆಯವರಾದರೆ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಕೇಳಲಿ. ಅವರು ಉತ್ತರ ಬಿಟ್ಟು ಎದುರು ಪಕ್ಷದವರನ್ನು ಬೈಯಲು ಶುರುಮಾಡಿದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು.

ಭಾವನ ವಿಷಯದಲ್ಲಿ ನಾನು ರಾಜ್ಯಶಾಸ್ತ್ರದವನಾಗಿ ಹೇಳಬಹುದಾದದ್ದು ಸ್ವಲ್ಪವೇ. ಗ್ರೂಪಿನಲ್ಲಿ ವಾದ ಮಾಡಿ ಯಾರೂ ಪಕ್ಷ ಬದಲಿಸುವುದಿಲ್ಲ. ಹತ್ತು ಜನ ನೋಡುತ್ತಿರುವಾಗ ಸೋಲು ಒಪ್ಪುವುದು ಯಾರಿಗೂ ಆಗದು. ತಾಳಮದ್ದಳೆಯಲ್ಲಿ ಕರ್ಣ, ಕೃಷ್ಣ ಬೆಳಗಿನವರೆಗೆ ಒಬ್ಬರನ್ನೊಬ್ಬರು ಬಿಡದೆ ವಾದ ಮಾಡುತ್ತಾರೆ, ಆಮೇಲೆ ಒಂದೇ ಪಂಕ್ತಿಯಲ್ಲಿ ಅವಲಕ್ಕಿ ತಿನ್ನುತ್ತಾರೆ. ಎದುರಿನವನ ಮಾತು ಪೂರ್ತಿ ಕೇಳದೆ ಅಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಫಾರ್ವರ್ಡ್ ಒತ್ತುವುದಕ್ಕೆ ಆ ಕಟ್ಟುಪಾಡು ಇಲ್ಲ. ನೀವೇ ಮೊದಲು ಫೋನ್ ಮಾಡಿ. ರಾಜಕೀಯ ಎತ್ತಬೇಡಿ, ಕ್ಷಮೆ-ಗಿಮೆ ಎಂದು ದೊಡ್ಡದು ಮಾಡಲೂ ಬೇಡಿ. ತೋಟದ್ದೋ ಮಕ್ಕಳದ್ದೋ ಮಾತಾಡಿ. ಅಕ್ಕನ ಮನೆಗೆ ಹೋಗಲು ಯಾವ ಹೈಕಮಾಂಡ್ ಒಪ್ಪಿಗೆ ಬೇಕು?

ಕೊನೆಯದು ಮಗಳ ವಿಷಯ. ನಿಮ್ಮ ಬೇಸರ ನಿಮ್ಮ ಅನುಭವದಿಂದ ಬಂದದ್ದು. ಅವಳಿಗೆ ಇನ್ನೂ ಆ ಅನುಭವವೇ ಆಗಿಲ್ಲ. ಅವಳ ಹೆಸರು ಸೇರಿಸಿ. ಮೊದಲಿನ ಹಾಗೆ ಜನವರಿ 1ಕ್ಕೇ ಕಾಯಬೇಕಿಲ್ಲ. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ವರ್ಷದಲ್ಲಿ ನಾಲ್ಕು ತಾರೀಕು ಲೆಕ್ಕಕ್ಕೆ ಬರುತ್ತವೆ. 17 ತುಂಬಿದ್ದರೆ ಮುಂಗಡವಾಗಿಯೇ ಅರ್ಜಿ ಹಾಕಬಹುದು. ಬೇಕಾದ್ದು ನಮೂನೆ 6, ಒಂದು ಫೋಟೊ, ಹುಟ್ಟಿದ ತಾರೀಕು ಮತ್ತು ವಿಳಾಸದ ದಾಖಲೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎತ್ತಿಟ್ಟುಕೊಳ್ಳಿ. ನಿಮ್ಮ ಬೂತ್‌ನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ಕೊಟ್ಟರಾಯಿತು, ಇಲ್ಲವೇ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅವಳೇ ತುಂಬುತ್ತಾಳೆ. ಪಟ್ಟಿಯಲ್ಲಿ ಹೆಸರು ಬಂತೋ ಇಲ್ಲವೋ ಎಂದು ಚುನಾವಣೆ ಘೋಷಣೆಗೆ ಮುಂಚೆಯೇ ಒಮ್ಮೆ ನೋಡಿಕೊಳ್ಳಿ. ಆಗಲೇ ನಿಮ್ಮದನ್ನೂ ನೋಡಿ. ಮನೆ ಬದಲಿಸಿದವರ, ಮದುವೆಯಾಗಿ ಹೋದವರ ಹೆಸರಿನ ಜೊತೆಗೆ ಇದ್ದವರ ಹೆಸರೂ ಕೆಲವೊಮ್ಮೆ ಬಿಟ್ಟುಹೋಗಿರುತ್ತದೆ.